ಎಂಬತ್ತನಾಲ್ಕು ಭಾಗಾಕಾರ

ನಮ್ಮ ಹಟ್ಟಿಯ ಮನೆಯಲ್ಲಿ ಒಳ್ಳೆಯ ಬೆಳಕು ಬೀಳುವ ಜಾಗ ಇದ್ದದ್ದು ಒಂದೇ. ಹಟ್ಟಿ ಎಂದರೆ ನಮ್ಮ ಕಡೆಯ ಊರು, ಅದರ ಸಾಲುಮನೆಗಳ ನಡುವೆ ನಮ್ಮದು. ಎರಡೂ ಪಕ್ಕದ ಗೋಡೆಗಳ ಆಚೆ ಬೇರೆಯವರ ಸಂಸಾರ. ಹೊರಕೋಣೆಗೆ ಪೂರ್ವಕ್ಕೆ ಒಂದು ಗಾಜಿನ ಕಿಟಕಿ, ಒಳಗೆ ಒಲೆಯ ಕೋಣೆ, ಅದರ ಮಗ್ಗುಲಿಗೆ ಕಿಟಕಿಯೇ ಇಲ್ಲದ ಹಾಲಿನ ಕೋಣೆ. ಮನೆಯಲ್ಲಿ ಎಮ್ಮೆ ಇಲ್ಲವಾಗಿ ಎಷ್ಟೋ ವರ್ಷವಾಗಿದ್ದರೂ ಹಾಲಿನ ಕೋಣೆಗೆ ಹೆಂಗಸರು ಕಾಲಿಡಬಾರದೆಂಬ ಕಟ್ಟಳೆ ಹಾಗೇ ಉಳಿದಿತ್ತು. ಬೆಳಗ್ಗೆ ಮಂಜು ಸರಿದ ಮೇಲೆ ಹೊರಕೋಣೆಯ ಕಿಟಕಿಯಿಂದ ಒಂದು ಚಾಪೆಯಗಲದ ಬಿಸಿಲು ನೆಲಕ್ಕೆ ಬಂದು ಬೀಳುತ್ತಿತ್ತು. ಆ ಚಾಪೆಯಗಲ ಹೆತ್ತೆಯದು. ಹೆತ್ತೆ ಎಂದರೆ ನನ್ನ ಅಪ್ಪನ ತಾಯಿ. ಹಣೆಗೆ, ತೋಳಿಗೆ ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ಆ ಬಿಸಿಲು ತನ್ನ ಮಡಿಲಿಂದ ಮೊಣಕಾಲಿಗೆ ಸರಿಯುವ ತನಕ ಅವಳು ಪೂಜೆಗೆ ಕೂತಿರುತ್ತಿದ್ದಳು. ಅದು ಮುಗಿಯದೆ ಮನೆಯಲ್ಲಿ ಯಾರ ಬಾಯಿಗೂ ಹಿಟ್ಟಿಲ್ಲ. ಅಪ್ಪ ಕೆಳಗೆ ಮೋಯಾರ್ ಕಡೆಯ ಪವರ್ ಹೌಸಿನಲ್ಲಿ ಮೀಟರುಗಳನ್ನು ನೋಡಿ ಬರೆಯುವ ಕೆಲಸದಲ್ಲಿದ್ದ. ಶನಿವಾರ ಮನೆಗೆ ಬಂದು ಸೋಮವಾರ ಇಳಿದುಹೋಗುತ್ತಿದ್ದ. ನಾವು ತಾಯಿಯನ್ನು ಅವ್ವೆ ಎಂದು ಕರೆಯುವುದು. ನನ್ನ ಅವ್ವೆ ಮನೆಯ ಕೆಳಗಿನ ಇಳಿಜಾರಿನ ತುಂಡು ಟೀ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಅವಳ ಬೆರಳ ತುದಿಗಳು ಎಷ್ಟು ತೊಳೆದರೂ ಎಲೆಯ ಕರೆಯಿಂದ ಕಪ್ಪಗೇ ಇರುತ್ತಿದ್ದವು. ನಾನು ಒಬ್ಬಳೇ ಮಗಳು. ಮನೆಯಲ್ಲಿ ಆಡುವ ಮಾತು ಬಡಗು, ಊಟಿಯ ಸುತ್ತಿನ ಬೆಟ್ಟಗಳಲ್ಲಿ ನಮ್ಮವರು ಆಡುವ ನುಡಿ. ಇಲ್ಲಿ ಓದುವವರಿಗೆ ತಿಳಿಯುವ ಹಾಗೆ ಬಿಡಿಸಿ ಬರೆದಿದ್ದೇನೆ, ಬಿಡಲಾಗದ ಕೆಲವು ಮಾತುಗಳನ್ನು ಹಾಗೇ ಇಟ್ಟಿದ್ದೇನೆ.

ನನಗೆ ಹನ್ನೆರಡು ತುಂಬಿದ ವರ್ಷ ಮಾಮಿ ನಮ್ಮ ಮನೆಗೆ ಬಂದಳು. ಮಾಮಿ ಅಪ್ಪನ ತಂಗಿ, ನನ್ನ ಸೋದರತ್ತೆ. ಹೆಸರು ಗೌರಿ. ಗೂಡಲೂರಿನ ಕಡೆಯ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಳು. ಮದುವೆ ಮಾಡಿಕೊಂಡಿರಲಿಲ್ಲ, ಯಾಕೆ ಎಂದು ಕೇಳಿದವರಿಗೆಲ್ಲ ಅವಳು ಬೇರೆ ಬೇರೆ ಉತ್ತರ ಕೊಡುತ್ತಿದ್ದಳಂತೆ. ಅವಳ ಕಣ್ಣುಗಳಿಗೆ ಒಳಗಿನ ಒತ್ತಡ ಹೆಚ್ಚುವ ಒಂದು ರೋಗ ಬಂದಿತ್ತು. ಕೊಯಮತ್ತೂರಿನ ಡಾಕ್ಟರು, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇರುವುದನ್ನು ಎಷ್ಟು ದಿನ ಉಳಿಸಿಕೊಳ್ಳಬಹುದೋ ನೋಡೋಣ ಎಂದಿದ್ದರು. ಬೋರ್ಡಿನ ಮೇಲೆ ತಾನೇ ಬರೆದ ಸಾಲಿನ ಮೇಲೆ ಮತ್ತೊಂದು ಸಾಲು ಬರೆದು ಮಕ್ಕಳು ನಕ್ಕ ದಿನ ಮಾಮಿ ಕೆಲಸ ಬಿಟ್ಟಳು. ಒಂದು ಟ್ರಂಕು, ಹಿಡಿಯಿರುವ ಒಂದು ಭೂತಗನ್ನಡಿ, ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಸ್ಸಿನಿಂದ ಇಳಿದವಳನ್ನು ಅಪ್ಪ ಕೈಹಿಡಿದು ಕರೆತಂದ. ಎರಡೇ ದಿನಕ್ಕೆ ಹೆತ್ತೆಗೂ ಅವಳಿಗೂ ಜಗಳ ಹತ್ತಿತು. ಮಾಮಿಗೆ ಬೇಕಾದದ್ದು ಆ ಕಿಟಕಿಯ ಬಿಸಿಲು.

"ಲಿಂಗಕ್ಕಿಂತ ನಿನ್ನ ಕಣಕ್ಕು ದೊಡ್ಡದಾ?" ಎಂದು ಹೆತ್ತೆ ಕೇಳಿದಳು. ಲೆಕ್ಕಕ್ಕೆ ನಾವು ಕಣಕ್ಕು ಅನ್ನುವುದು.

"ದೊಡ್ಡದಲ್ಲ," ಎಂದಳು ಮಾಮಿ. "ಲಿಂಗ ನಿನಗ ಕತ್ತಲಲ್ಲೂ ಕಾಣುತ್ತೆ. ಎನಗ ಅಂಕಿ ಕಾಣದು. ಇನ್ನೊಂದು ವರ್ಷ ಹೋದರೆ ಈ ಬಿಸಿಲೂ ಎನಗ ಬೇಡ. ಆಮೇಲೆ ಪೂರಾ ನೀನೇ ಇಟ್ಟುಕೋ."

ಹೆತ್ತೆ ಎದ್ದು ಒಳಗೆ ಹೋದಳು. ಮಧ್ಯಾಹ್ನ ಊಟಕ್ಕೆ ಮಗಳ ತಟ್ಟೆಗೆ ಅವರೆಯ ಉದಕವನ್ನು, ಅಂದರೆ ಸಾರನ್ನು, ಬೇಕೆಂದೇ ಕಡಿಮೆ ಬಡಿಸಿದಳು. ಆದರೆ ಮರುದಿನ ನಾನು ಎದ್ದು ನೋಡುವಾಗ ಹೆತ್ತೆ ಮಂಜು ಸರಿಯುವ ಮೊದಲೇ ಪೂಜೆ ಮುಗಿಸಿ, ಚಾಪೆ ಸುತ್ತಿಟ್ಟು, ಒಲೆಯ ಮುಂದೆ ಕೂತಿದ್ದಳು. ಕಿಟಕಿಯ ಕೆಳಗಿನ ಜಾಗ ಖಾಲಿ ಇತ್ತು. ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮಾಮಿಗೆ ಬಿಸಿಲು ಬೇಕಾಗಿದ್ದದ್ದು ಒಂದು ಸಂಖ್ಯೆಗಾಗಿ. 2147483647. ಓದಿ ಹೇಳುವುದಾದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ ಅದು. ಅದು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಬಹಳ ಹಿಂದೆ ದೂರದ ಚಳಿಯ ದೇಶವೊಂದರಲ್ಲಿ, ದೃಷ್ಟಿ ಕಳೆದುಕೊಳ್ಳುತ್ತಿದ್ದ ಒಬ್ಬ ಗಣಿತಜ್ಞ ಅದನ್ನು ಕೈಯಲ್ಲೇ ಲೆಕ್ಕ ಹಾಕಿ ತೋರಿಸಿದ್ದ ಎಂದು ಮಾಮಿ ಓದಿದ್ದಳು. ಈಗ ನನ್ನ ಕೈಯಲ್ಲಿರುವ ಫೋನಿಗೆ ಕೇಳಿದರೆ ರೆಪ್ಪೆ ಬಡಿಯುವುದರೊಳಗೆ ಹೇಳಿಬಿಡುತ್ತದೆ. ಆಗ ನಮ್ಮ ಮನೆಯಲ್ಲಿದ್ದದ್ದು ಪೆನ್ಸಿಲು, ಅಪ್ಪ ಪವರ್ ಹೌಸಿನಿಂದ ತರುತ್ತಿದ್ದ ಒಂದು ಮಗ್ಗುಲು ಬಳಸಿದ ಕಾಗದ, ಅಷ್ಟೇ. ಅಷ್ಟು ದೊಡ್ಡ ಸಂಖ್ಯೆಯನ್ನು ಅವಿಭಾಜ್ಯವೆಂದು ತೋರಿಸಲು ಅದರ ವರ್ಗಮೂಲದವರೆಗಿನ, ಅಂದರೆ ನಲವತ್ತಾರು ಸಾವಿರ ಚಿಲ್ಲರೆಯವರೆಗಿನ, ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಅಂಥವು ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು. ಆದರೆ ಈ ಸಂಖ್ಯೆ ಹುಟ್ಟಿದ ರೀತಿಯಿಂದಾಗಿ ಒಂದು ಅನುಕೂಲವಿದೆ ಎಂದು ಮಾಮಿ ನನಗೆ ವಿವರಿಸಿದಳು. ಅದನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು ಇನ್ನೂರ ನಲವತ್ತೆಂಟರಿಂದ ಭಾಗಿಸಿದಾಗ ಒಂದೋ ಅರವತ್ತಮೂರೋ ಉಳಿಯಲೇಬೇಕು. ಆ ಜರಡಿಯಲ್ಲಿ ಹಾಕಿ ಸೋಸಿದರೆ ಉಳಿಯುವುದು ಎಂಬತ್ತನಾಲ್ಕೇ ಭಾಜಕಗಳು. ಶಾಲೆಯ ಕೊನೆಯ ವರ್ಷದಲ್ಲಿ ಮಾಮಿ ಭೂತಗನ್ನಡಿ ಹಿಡಿದು ಆ ಎಂಬತ್ತನಾಲ್ಕನ್ನೂ ಹುಡುಕಿ ಚೀಟಿಗಳಲ್ಲಿ ಬರೆದು ಡಬ್ಬಿಯಲ್ಲಿ ತುಂಬಿಸಿಕೊಂಡಿದ್ದಳು. ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತಿಲ್ಲವೆಂದು ತಿಳಿದ ದಿನ ನನಗಾದ ನಿರಾಸೆ ಸಣ್ಣದಲ್ಲ.

"ಪುಸ್ತಕದಲ್ಲಿ ಇದೆ ಅಂದಮೇಲೆ ನಾವು ಯಾಕೆ ಮಾಡಬೇಕು?" ಎಂದು ಕೇಳಿದೆ.

"ಪುಸ್ತಕದಲ್ಲಿದೆ ಅಂತ ಇಷ್ಟು ವರ್ಷ ಮಕ್ಕಳಿಗೆ ಹೇಳಿದೆ, ಕೂಸು," ಎಂದಳು ಮಾಮಿ. "ಒಂದನ್ನಾದರೂ ನಾನೇ ನೋಡಬೇಕು. ಕಣ್ಣು ಹೋಗುವ ಮುಂಚೆ."

ಮೊದಲ ಹನ್ನೊಂದನ್ನು ಅವಳೇ ಮಾಡಿದಳು. ಹನ್ನೊಂದನೆಯದು ಮುಗಿಯುವಾಗ ಕಣ್ಣಲ್ಲಿ ನೀರು ಸುರಿದು ಕಾಗದ ಒದ್ದೆಯಾಗಿತ್ತು. ಅಲ್ಲಿಂದ ಮುಂದಿನ ಎಪ್ಪತ್ತಮೂರು ಮನೆಯವರ ಪಾಲಿಗೆ ಬಂದವು. ಡಬ್ಬಿಯೊಳಗೆ ಕೈಹಾಕಿ ಸಿಕ್ಕ ಚೀಟಿ ತೆಗೆದುಕೊಳ್ಳಬೇಕು, ಅದರಲ್ಲಿರುವ ಸಂಖ್ಯೆಯಿಂದ ಭಾಗಿಸಬೇಕು. ಮುಗಿದ ಮೇಲೆ ಮಾಮಿಯ ಎದುರು ಕೂತು ಭಾಜಕ, ಭಾಗಲಬ್ಧ, ಶೇಷ ಮೂರನ್ನೂ ಓದಿ ಹೇಳಬೇಕು. ಅವಳು ಕಣ್ಣುಮುಚ್ಚಿ ಒಂಬತ್ತರ ಪರೀಕ್ಷೆ ಮಾಡುತ್ತಿದ್ದಳು. ಅಂಕಿಗಳನ್ನು ಕೂಡುತ್ತ ಕೂಡುತ್ತ ಒಂದೇ ಅಂಕಿಗೆ ಇಳಿಸುವುದು. ಅವಳ ಮೊದಲನೆಯ ಭಾಜಕ 311. ಅಂಕಿಗಳ ಮೊತ್ತ ಐದು. ಭಾಗಲಬ್ಧ 6905092, ಅದು ಇಳಿದರೆ ನಾಲ್ಕು. ಐದು ನಾಲ್ಕಲಿ ಇಪ್ಪತ್ತು, ಅಂದರೆ ಎರಡು. ಶೇಷ 35, ಅದು ಎಂಟು. ಎರಡೂ ಎಂಟೂ ಹತ್ತು, ಅಂದರೆ ಒಂದು. ಆ ದೊಡ್ಡ ಸಂಖ್ಯೆಯೂ ಇಳಿದರೆ ಒಂದೇ. ಒಂದು ಬಂದರೆ "ಸರಿ" ಅನ್ನುತ್ತಿದ್ದಳು. ಅವ್ವೆ ಅದನ್ನು ಉದ್ದನೆಯ ನೋಟುಬುಕ್ಕಿಗೆ ಇಳಿಸುತ್ತಿದ್ದಳು. ಲೆಕ್ಕ ಮಾಡಿದ ಕಾಗದ ಒಲೆಗೆ ಹೋಗುತ್ತಿತ್ತು. ಅಪ್ಪ ವಾರಕ್ಕೆ ಮೂರೋ ನಾಲ್ಕೋ ಚೀಟಿ ಜೇಬಿಗೆ ಹಾಕಿಕೊಂಡು ಇಳಿದು, ಶನಿವಾರ ಉತ್ತರ ತರುತ್ತಿದ್ದ. ಅವನದು ಒಂದೂ ತಪ್ಪುತ್ತಿರಲಿಲ್ಲ.

ಅವ್ವೆ ಓದಿದ್ದು ಐದನೇ ಕ್ಲಾಸು. ಎರಡಂಕಿಯ ಭಾಜಕ ಕಂಡರೇ ಹೆದರುತ್ತಿದ್ದವಳು. ಅವಳಿಗೆ ಮಾಮಿ ಒಂದು ಉಪಾಯ ಹೇಳಿಕೊಟ್ಟಳು. ಮೊದಲು ಭಾಜಕವನ್ನು ಅದಕ್ಕೇ ಕೂಡುತ್ತ ಹೋಗಿ ಒಂದರಿಂದ ಒಂಬತ್ತರವರೆಗೆ ಮಗ್ಗಿಯನ್ನು ಕಾಗದದ ಬದಿಗೆ ಬರೆದುಕೊಂಡುಬಿಡುವುದು. ಆಮೇಲೆ ಭಾಗಾಕಾರವೇ ಇಲ್ಲ, ಬರೀ ಕಳೆಯುವುದು. "ಕೂಡೋದು ಕಳೆಯೋದು ನಿನಗ ಬರುತ್ತಲ್ಲ ಅತ್ತಿಗೆ, ಇಷ್ಟೇ ಇದು," ಎಂದಳು. ಅವ್ವೆಯ ಮೊದಲ ಭಾಗಾಕಾರಕ್ಕೆ ಮೂರು ದಿನ ಹಿಡಿಯಿತು. ಹತ್ತನೆಯದರ ಹೊತ್ತಿಗೆ ಅವಳು ಎಲೆ ಕೊಯ್ದು ಬಂದು, ಕೈ ತೊಳೆದು, ಹಿಟ್ಟು ಬೇಯುವಷ್ಟರಲ್ಲಿ ಒಂದನ್ನು ಮುಗಿಸಿ ಏಳುತ್ತಿದ್ದಳು. ಮಗ್ಗಿಯ ಸಾಲುಗಳನ್ನು ಮೆಲ್ಲಗೆ ಗುನುಗುವ ಅಭ್ಯಾಸವಾಗಿತ್ತು. ಹೆತ್ತೆ ಒಲೆಯ ಮುಂದಿನಿಂದ, "ಎನ್ನ ಸೊಸೆ ಕಲೆಕ್ಟರ್ ಆಗುತ್ತಾಳೆ, ಉದಕಕ್ಕೆ ಉಪ್ಪು ಹಾಕೋರು ಯಾರು?" ಎಂದು ಅಣಕಿಸುತ್ತಿದ್ದಳು, ಉಪ್ಪು ತಾನೇ ಹಾಕುತ್ತಿದ್ದಳು. ಮಾಮಿ ಸುಮ್ಮನಿರಲಿಲ್ಲ. ಹಟ್ಟಿಗೆ ಹೊಸದಾಗಿ ಬಾಲವಾಡಿ ಬರುವುದಿದೆ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಎಂಟನೇ ಕ್ಲಾಸು ಪಾಸಾಗಿರಬೇಕು, ಮನೆಯಿಂದಲೇ ಓದಿ ಪರೀಕ್ಷೆ ಕಟ್ಟಬಹುದು ಎಂದು ಹೇಳಿ ಅರ್ಜಿಯ ಫಾರ್ಮನ್ನು ಅಪ್ಪನಿಂದ ತರಿಸಿಯೇಬಿಟ್ಟಳು. ಅವ್ವೆ ಅದನ್ನು ದೇವರ ಗೂಡಿನ ಪಕ್ಕದಲ್ಲಿ ಮಡಿಸಿ ಇಟ್ಟಳು. ತುಂಬಲಿಲ್ಲ, ತೆಗೆದೂ ಹಾಕಲಿಲ್ಲ. ದಿನಕ್ಕೊಂದು ಸಲ ಅದು ಅಲ್ಲೇ ಇದೆಯಾ ಎಂದು ನೋಡುತ್ತಿದ್ದಳು.

ಅದು ಮೇ ತಿಂಗಳು. ಶಾಲೆಗೆ ರಜೆ. ಒಂದು ಬೆಳಗ್ಗೆ ಪಕ್ಕದ ಮನೆಯವರು ಊಟಿಗೆ ಹೂವಿನ ಪ್ರದರ್ಶನ ನೋಡಲು ಜೀಪಿನಲ್ಲಿ ಹೊರಟಿದ್ದರು. ಅವರ ಮಗಳು ನನ್ನ ಗೆಳತಿ. ನನಗೂ ಒಂದು ಜಾಗ ಹಿಡಿದಿಟ್ಟಿದ್ದಳು. ಅವ್ವೆ ಹೋಗು ಎಂದಿದ್ದಳು. ಆದರೆ ದಿನಕ್ಕೊಂದು ಚೀಟಿ ಮುಗಿಸದೆ ಆಟಕ್ಕೂ ಹೋಗುವಂತಿಲ್ಲ ಎಂಬುದು ನಾನೇ ಒಪ್ಪಿಕೊಂಡ ನಿಯಮ. ಅವತ್ತು ನನ್ನ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು 19841. ಮಗ್ಗಿ ಬರೆದುಕೊಂಡೆ. ಭಾಗಲಬ್ಧದ ಮೊದಲ ಮೂರಂಕಿ ಬಂತು: ಒಂದು, ಸೊನ್ನೆ, ಎಂಟು. ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿತು. ಎರಡನೆಯ ಸಲವೂ ಕೇಳಿತು. ನಾನು ಉಳಿದ ಮೂರಂಕಿಯನ್ನು ಮನಸ್ಸಿಗೆ ಬಂದಂತೆ 516 ಎಂದು ಬರೆದೆ. ಆಮೇಲೆ ಮಾಮಿ ಕಲಿಸಿದ್ದ ಒಂಬತ್ತರ ಪರೀಕ್ಷೆಯನ್ನೇ ಹಿಂದಿನಿಂದ ಮುಂದಕ್ಕೆ ಮಾಡಿ, ಕೊನೆಗೆ ಒಂದು ಬರಬೇಕಾದರೆ ಶೇಷದ ಅಂಕಿಗಳು ನಾಲ್ಕಕ್ಕೆ ಇಳಿಯಬೇಕು ಎಂದು ಕಂಡುಕೊಂಡು 7240 ಎಂದು ಬರೆದೆ. ಅದಕ್ಕೆ ಹಿಡಿದದ್ದು ಒಂದು ನಿಮಿಷವೂ ಇರಲಾರದು. ಮಾಮಿಯ ಮುಂದೆ ಕೂತು ಮೂರನ್ನೂ ಓದಿದೆ. ಅವಳ ತುಟಿ ಅಲುಗಾಡಿತು.

"ಒಂದು. ಸರಿ," ಎಂದಳು. "ಓಡು, ಜೀಪು ಕಾಯುತ್ತಿದೆ."

ಊಟಿಯಲ್ಲಿ ಹೂಗಳಿಂದ ಮಾಡಿದ ನವಿಲಿತ್ತು. ಅದರ ಮುಂದೆ ನಿಂತು ಐಸ್‌ಕ್ರೀಮ್ ತಿಂದೆ. ನನಗೆ ಬೇಸರವೇನೂ ಆಗಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಒಂದು ಸೊಗಸಾದ ಲೆಕ್ಕ ಬಿಡಿಸಿದ ಹೆಮ್ಮೆಯೇ ಇತ್ತು. ಸಂಖ್ಯೆ ಹೇಗೂ ಅವಿಭಾಜ್ಯ, ಭಾಗಿಸಿದ್ದರೂ ಏನೋ ಒಂದು ಶೇಷ ಬರುತ್ತಿತ್ತು, ಯಾವ ಶೇಷ ಎಂಬುದರಿಂದ ಯಾರಿಗೆ ಏನಾಗಬೇಕು ಎಂದುಕೊಂಡೆ. ಆಮೇಲೆ ಇನ್ನು ಯಾವ ಚೀಟಿಗೂ ಹಾಗೆ ಮಾಡಲಿಲ್ಲ. ಒಳ್ಳೆಯತನದಿಂದಲ್ಲ, ಜೀಪು ಮತ್ತೆ ಬರಲಿಲ್ಲ, ಅಷ್ಟೇ.

ಮಳೆ ಹಿಡಿಯುವ ಹೊತ್ತಿಗೆ ಎಂಬತ್ತನಾಲ್ಕೂ ಮುಗಿದವು. ಅಪ್ಪ ಇದ್ದ ಶನಿವಾರ ಹೆತ್ತೆ ತಾನಾಗಿಯೇ ತುಪ್ಪದಿಟ್ಟು ಮಾಡಿದಳು. ಸಿಹಿ ಹಿಟ್ಟನ್ನು ತಟ್ಟಿ ಕರಿದ ಅದನ್ನು ನಮ್ಮಲ್ಲಿ ಹಬ್ಬಕ್ಕೆ, ಮದುವೆಗೆ ಮಾಡುವುದು. "ಯಾವುದಕ್ಕೂ ಭಾಗ ಆಗಲಿಲ್ಲ ಅಂತ ಸಂತೋಷಪಡೋ ಜನವನ್ನು ನಾನು ಇಲ್ಲೇ ನೋಡಿದ್ದು," ಎಂದು ಹೇಳುತ್ತ ಮಾಮಿಯ ತಟ್ಟೆಗೆ ಎರಡು ಹೆಚ್ಚಾಗಿಯೇ ಹಾಕಿದಳು. ಮಾಮಿ ತಿನ್ನದೆ ಬಹಳ ಹೊತ್ತು ನೋಟುಬುಕ್ಕಿನ ರಟ್ಟನ್ನು ಸವರುತ್ತ ಕೂತಿದ್ದಳು. ಅಷ್ಟು ಹೊತ್ತಿಗೆ ಅವಳಿಗೆ ಪುಟ ಬೆಳ್ಳಗೆ ಕಾಣುತ್ತಿತ್ತೇ ಹೊರತು ಅಂಕಿ ಕಾಣುತ್ತಿರಲಿಲ್ಲ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಮಾಮಿ ನಿಲ್ಲಿಸುವವಳಲ್ಲ. ಒಂಬತ್ತರ ಪರೀಕ್ಷೆಯಲ್ಲಿ ಎರಡು ಅಂಕಿ ಅದಲು ಬದಲಾದರೆ ಗೊತ್ತಾಗುವುದಿಲ್ಲ, ಆದ್ದರಿಂದ ಹನ್ನೊಂದರ ಪರೀಕ್ಷೆಯನ್ನೂ ಮಾಡಿಬಿಡೋಣ ಎಂದಳು. ಅದರಲ್ಲಿ ಅಂಕಿಗಳನ್ನು ಬಲಗಡೆಯಿಂದ ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋಗಬೇಕು. ದಿನಾ ಬೆಳಗ್ಗೆ ಅವ್ವೆ ನೋಟುಬುಕ್ಕಿನಿಂದ ಓದುವುದು, ಮಾಮಿ ಮನಸ್ಸಿನಲ್ಲೇ ಮಾಡುವುದು. ನಾನು ಶಾಲೆಗೆ ಹೋಗುವಾಗ ಅವರು ಅದಕ್ಕೆ ಕೂತಿರುತ್ತಿದ್ದರು. ಆ ಪರೀಕ್ಷೆಯೊಂದನ್ನು ಮಾಮಿ ನನಗೆ ಹೇಳಿಕೊಟ್ಟಿರಲಿಲ್ಲ. ಮೂರನೆಯ ದಿನ ನಾನು ಶಾಲೆಯಿಂದ ಬಂದೆ. ಅವ್ವೆ ಕಿಟಕಿಯ ಕೆಳಗೆ ಕೂತು ಒಂದು ಭಾಗಾಕಾರ ಮಾಡುತ್ತಿದ್ದಳು. ಭಾಜಕ ಯಾವುದೆಂದು ದೂರದಿಂದಲೇ ಕಂಡಿತು. ಅವಳು ಮುಗಿಸಿ ಓದಿದಳು: ಭಾಗಲಬ್ಧ 108234, ಶೇಷ 12853.

"ಇದು ಸರಿ," ಎಂದಳು ಮಾಮಿ. "ಬುಕ್ಕಿನಲ್ಲಿ ಇರೋದು ಶುದ್ಧ ತಪ್ಪು. ಮೂರಂಕಿ ಆದಮೇಲೆ ಎಲ್ಲಾ ಬೇರೆ. ಇದು ಯಾರದು?"

ಯಾರದೆಂದು ನೋಟುಬುಕ್ಕಿನಲ್ಲಿ ಗುರುತಿರಲಿಲ್ಲ. ಬರೆದ ಕೈ ಎಲ್ಲಕ್ಕೂ ಅವ್ವೆಯದೇ. ಅಪ್ಪ ತಪ್ಪುವವನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಕ್ಲಾಸಿಗೆ ಮೊದಲು ಬರುವವಳು. ಅವ್ವೆ ಪೆನ್ಸಿಲನ್ನು ಕೆಳಗಿಟ್ಟಳು.

"ಎನ್ನದೇ ಇರಬೇಕು," ಎಂದಳು. "ಎಲೆ ಕೊಯ್ದು ದಣಿದು ಬಂದು ಮಾಡಿದ್ದು. ಎಲ್ಲೋ ಸಾಲು ತಪ್ಪಿರಬೇಕು."

"ಸಾಲು ತಪ್ಪಿದರೆ ಇಷ್ಟು ತಪ್ಪದು ಅತ್ತಿಗೆ. ಗಮನ ಇಲ್ಲದಿದ್ದರೆ ಪೆನ್ಸಿಲ್ ಹಿಡಿಯಬಾರದು," ಎಂದಳು ಮಾಮಿ. ಅದು ಟೀಚರಿನ ದನಿ. ಆ ದನಿಯಲ್ಲಿ ಅವಳು ಅವ್ವೆಯ ಸಂಗಡ ಎಂದೂ ಮಾತಾಡಿರಲಿಲ್ಲ. ನಾನು ಪುಸ್ತಕದ ಚೀಲವನ್ನು ಭುಜದಿಂದ ಇಳಿಸದೆ ಬಾಗಿಲಲ್ಲೇ ನಿಂತಿದ್ದೆ. ಬಾಯಿ ತೆರೆಯಲು ಅದೇ ಸರಿಯಾದ ಹೊತ್ತಾಗಿತ್ತು. ತೆರೆಯಲಿಲ್ಲ.

ಸಂಜೆ ಅವ್ವೆ ದೇವರ ಗೂಡಿನ ಪಕ್ಕದಿಂದ ಫಾರ್ಮು ತೆಗೆದು ನನ್ನ ಕೈಗೆ ಕೊಟ್ಟು, ಹಿಂದಿನ ಮಗ್ಗುಲು ಖಾಲಿ ಇದೆ, ನಿನ್ನ ಲೆಕ್ಕಕ್ಕೆ ಇಟ್ಟುಕೋ ಎಂದಳು. ಯಾಕೆ ಎಂದು ಕೇಳಿದೆ. "ಎನಗ ಅದೆಲ್ಲ ಆಗದು ಕೂಸು. ಮನೆಯಲ್ಲಿ ಕೂತು ಮಾಡಿದ್ದೇ ತಪ್ಪಾಯಿತು. ಅಲ್ಲಿ ಹೋಗಿ ಏನು ಬರೆಯೋದು?" ಎಂದಳು. ದುಃಖವೇನೂ ಇಲ್ಲದ ಹಾಗೆ, ಒಂದು ಕೆಲಸ ಮುಗಿಯಿತು ಎಂಬ ಹಾಗೆ ಹೇಳಿದಳು. ಅವತ್ತಿನಿಂದ ಗುನುಗುವುದು ನಿಂತಿತು. ಮಾಮಿ ಕಿಟಕಿಯ ಕೆಳಗೆ, ಅವ್ವೆ ಒಲೆಯ ಮುಂದೆ. ಇಬ್ಬರ ನಡುವೆ ಬೇಕಾದಷ್ಟೇ ಮಾತು. ಹೆತ್ತೆ ಅಣಕಿಸುವುದನ್ನೂ ಬಿಟ್ಟಳು. ಫಾರ್ಮನ್ನು ನಾನು ನನ್ನ ಭೂಗೋಳದ ಪುಸ್ತಕದೊಳಗೆ ಇಟ್ಟೆ. ಅದನ್ನು ಕಳಿಸಲು ಉಳಿದಿದ್ದದ್ದು ಒಂದೇ ವಾರ. ನಾಲ್ಕು ದಿನ ನಾನು ಊಟ ಮಾಡಿದೆ, ಶಾಲೆಗೆ ಹೋದೆ, ಪಾಠ ಒಪ್ಪಿಸಿದೆ. ಅಷ್ಟು ದಿನವೂ ಬೇರೆ ಯಾರಾದರೂ ಏನಾದರೂ ಹೇಳಿ ಇದನ್ನು ಸರಿಮಾಡಿಬಿಡುತ್ತಾರೆ ಎಂದು ಕಾಯುತ್ತಿದ್ದೆ ಅನಿಸುತ್ತದೆ. ಹೇಳಲು ಗೊತ್ತಿದ್ದವಳು ನಾನೊಬ್ಬಳೇ.

ಐದನೆಯ ದಿನ, ಮಳೆ ಸ್ವಲ್ಪ ಬಿಟ್ಟಿದ್ದಾಗ, ತೋಟಕ್ಕೆ ಇಳಿದೆ. ಅವ್ವೆ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಎರಡು ಕೈಯಲ್ಲೂ ಚಿಗುರು ಕೀಳುತ್ತಿದ್ದಳು. ಅವಳ ಬೆನ್ನ ಹಿಂದೆ ನಿಂತೇ ಹೇಳಿದೆ.

"ಅವ್ವೆ, ಆ ತಪ್ಪು ನಿನ್ನದಲ್ಲ. ಆ ಚೀಟಿ ಎನಗ ಬಂದಿದ್ದದ್ದು. ನಾನು ಭಾಗಿಸಲೇ ಇಲ್ಲೆ. ಜೀಪು ಬಂದಿತ್ತು. ಸುಮ್ಮನೆ ಏನೋ ಬರೆದುಬಿಟ್ಟೆ."

ಅವಳ ಕೈ ನಿಲ್ಲಲಿಲ್ಲ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋದಳು.

"ಭಾಗಿಸಿದ್ದರೆ ಎಷ್ಟು ಹೊತ್ತು ಆಗಿತ್ತು?" ಎಂದು ಕೇಳಿದಳು.

"ಅರ್ಧ ಗಂಟೆ."

"ಅರ್ಧ ಗಂಟೆ," ಎಂದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಅವಳು ಹೊಡೆದಿದ್ದರೆ ನಾನು ಅದನ್ನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಹೊಡೆಯಲಿಲ್ಲ. ನನ್ನನ್ನು ಹೊಸಬಳೊಬ್ಬಳನ್ನು ನೋಡುವ ಹಾಗೆ, ಇವಳು ಯಾರ ಮನೆಯವಳು ಎಂದು ಯೋಚಿಸುವ ಹಾಗೆ ನೋಡಿದಳು.

"ಮಾಮಿಗೆ ಹೇಳಿದೆಯಾ?"

"ಇಲ್ಲೆ. ನೀನೂ ಬಾ."

"ನಾನು ಬರೋದಿಲ್ಲ. ನೀನೇ ಹೋಗಿ ಹೇಳು."

ಮಾಮಿಗೆ ಹೇಳಿದೆ. ಅವಳಿಗೆ ಮೊದಲೇ ಅನುಮಾನವಿದ್ದಿರಬಹುದು ಎಂದು ದಾರಿಯುದ್ದಕ್ಕೂ ಆಸೆಪಟ್ಟಿದ್ದೆ. ಅನುಮಾನ ಇರಲಿಲ್ಲ.

"ಒಂಬತ್ತಕ್ಕೆ ಹೇಗೆ ಒಪ್ಪಿತು?" ಎಂದು ಕೇಳಿದಳು.

"ಒಪ್ಪುವ ಹಾಗೆ ಶೇಷ ಆರಿಸಿದೆ."

"ಅದನ್ನ ನಾನೇ ಹೇಳಿಕೊಟ್ಟೆ," ಎಂದಳು. ಆಮೇಲೆ, "ಇಂಥವು ಇನ್ನೆಷ್ಟು?" ಎಂದಳು.

"ಇದೊಂದೇ ಮಾಮಿ. ಆಣೆಗೂ ಇದೊಂದೇ. ಸಂಖ್ಯೆ ಅವಿಭಾಜ್ಯ ಅಂತ ಪುಸ್ತಕದಲ್ಲೇ ಇದೆಯಲ್ಲ, ಅದೇನೂ ಸುಳ್ಳಾಗಲಿಲ್ಲವಲ್ಲ..."

"ಪುಸ್ತಕದಲ್ಲಿ ಇದೆ. ಅದು ಸುಳ್ಳಾಗದು. ಸುಳ್ಳಾದದ್ದು ನಾವು ನೋಡಿದೆವು ಅನ್ನೋ ಮಾತು." ಅವಳು ಗೋಡೆ ಹಿಡಿದು ಎದ್ದಳು. "ನಿನ್ನ ಅವ್ವೆ ಎಲ್ಲಿ?"

ತೋಟದಲ್ಲಿ ಎಂದೆ. ಕೈಹಿಡಿಯಲು ಹೋದರೆ ಬೇಡವೆಂದಳು. ಮಾಮಿ ನಮ್ಮ ಮನೆಗೆ ಬಂದ ಮೇಲೆ ಒಬ್ಬಳೇ ಅಂಗಳ ದಾಟಿದವಳಲ್ಲ. ಅವತ್ತು ಕಲ್ಲಿನ ಕಟ್ಟೆಯನ್ನು ಕೈಯಿಂದ ತಡವುತ್ತ, ಒಂದೊಂದೇ ಮೆಟ್ಟಿಲಿಗೆ ಕಾಲು ಚಾಚಿ ನೋಡುತ್ತ, ಕೆಸರಿನಲ್ಲಿ ಒಮ್ಮೆ ಜಾರಿಬಿದ್ದು ಮತ್ತೆ ಎದ್ದು, ಇಳಿಜಾರಿನ ಟೀ ಗಿಡಗಳ ನಡುವೆ ಇಳಿದುಹೋದಳು. ಹೆತ್ತೆಯೂ ನಾನೂ ಅಂಗಳದಲ್ಲಿ ನಿಂತು ನೋಡುತ್ತಿದ್ದೆವು. ಅವರು ಏನು ಮಾತಾಡಿದರೋ ಮೇಲಕ್ಕೆ ಕೇಳಿಸಲಿಲ್ಲ. ಮಾಮಿ ಎರಡೂ ಕೈ ಮುಂದಕ್ಕೆ ಚಾಚಿದ್ದು ಕಂಡಿತು. ಅವ್ವೆ ಚೀಲವನ್ನು ಬೆನ್ನಿಂದ ಇಳಿಸಿ ಅವಳ ತೋಳು ಹಿಡಿದದ್ದು ಕಂಡಿತು. ಇಬ್ಬರೂ ಬಹಳ ಹೊತ್ತು ಹಾಗೇ ನಿಂತಿದ್ದರು. ಮೇಲೆ ಬಂದ ಮೇಲೆ ಅವ್ವೆ ನನಗೆ ಹೇಳಿದ್ದು ಒಂದೇ ಮಾತು: "ಫಾರ್ಮು ಎಲ್ಲಿಟ್ಟಿದ್ದೀಯಾ?"

ಭೂಗೋಳದ ಪುಸ್ತಕದಿಂದ ತೆಗೆದುಕೊಟ್ಟೆ. ಶನಿವಾರ ಅಪ್ಪ ಬಂದಾಗ ನಾನೇ ಅವನಿಗೂ ಹೇಳಬೇಕಾಯಿತು. ಅವನು ತಿನ್ನುತ್ತಿದ್ದ ಹಿಟ್ಟಿನ ಮುದ್ದೆಯನ್ನು ತಟ್ಟೆಗೆ ಇಟ್ಟು, "ಮೀಟರ್ ನೋಡದೆ ಬರೆದರೆ ಲೈನಿನ ಮೇಲಿರುವವನು ಸಾಯುತ್ತಾನೆ," ಎಂದ. ಊಟ ಮುಂದುವರಿಸಿದ. ಅವತ್ತೇ ಫಾರ್ಮು ತುಂಬಿಸಿ ಜೇಬಿಗೆ ಹಾಕಿಕೊಂಡ.

ಮಾಮಿ ನನ್ನ ಸಂಗಡ ಆರು ದಿನ ಮಾತಾಡಲಿಲ್ಲ. ಏಳನೆಯ ದಿನ ಕರೆದು ಕೂರಿಸಿಕೊಂಡಳು. ಎಂಬತ್ತನಾಲ್ಕರಲ್ಲಿ ನೀನು ಮಾಡಿದ ಮೂವತ್ತು ಯಾವುವು ಎಂದು ಕೇಳಿದಳು. ನನಗೆ ನೆನಪಿರಲಿಲ್ಲ, ಅಲ್ಲೊಂದು ಇಲ್ಲೊಂದು ಬಿಟ್ಟರೆ ಯಾವ ಚೀಟಿ ಯಾರಿಗೆ ಬಂದಿತ್ತು ಎಂದು ಯಾರಿಗೂ ನೆನಪಿರಲಿಲ್ಲ.

"ಹಾಗಾದರೆ ಎಂಬತ್ತನಾಲ್ಕೂ," ಎಂದಳು.

ಆ ಮಳೆಗಾಲವಿಡೀ ನಾನು ಶಾಲೆಯಿಂದ ಬಂದು ಭಾಗಿಸಿದೆ. ಈಗ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತ ಮಾಡಬೇಕಿತ್ತು. ಮಾಮಿ ಕೇಳುತ್ತಿದ್ದಳು. ಅವ್ವೆ ನನ್ನ ಪಕ್ಕದಲ್ಲೇ ಪರೀಕ್ಷೆಗೆ ಓದುತ್ತಿದ್ದಳು; ನಾನು ಮುಗಿಸಿದ ಮೇಲೆ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು ಹನ್ನೊಂದರ ಪರೀಕ್ಷೆ ಮಾಡುತ್ತಿದ್ದಳು. ಮೊದಮೊದಲು ಅದು ನನಗೆ ಶಿಕ್ಷೆಯಾಗಿತ್ತು. ದಿನಕ್ಕೆ ನಾಲ್ಕು ಸಲವಾದರೂ ಅಳು ಬರುತ್ತಿತ್ತು. ಆಮೇಲೆ ಯಾವಾಗಲೋ ಅಳು ನಿಂತು, ಕಳೆಯುತ್ತ ಕಳೆಯುತ್ತ ಕೊನೆಯ ಸಾಲಿಗೆ ಬಂದಾಗ ಅಲ್ಲಿ ಏನು ಉಳಿದಿದೆ ಎಂದು ನೋಡುವ ಕುತೂಹಲ ಹುಟ್ಟಿತು. ಪ್ರತಿ ಸಲವೂ ಏನೋ ಒಂದು ಉಳಿದಿರುತ್ತಿತ್ತು. ಉಳಿದೇ ಇರುತ್ತದೆ ಎಂದು ಗೊತ್ತಿರುವುದು ಬೇರೆ, ಉಳಿದದ್ದನ್ನು ಕಣ್ಣಿಂದ ಕಾಣುವುದು ಬೇರೆ ಎಂದು ನನಗೆ ತಿಳಿದದ್ದು ಆ ಕಾಗದಗಳ ಮೇಲೆ. ಮುಂದೆ ಮೂವತ್ತು ವರ್ಷ ನಾನು ಊಟಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದೆ. ನೂರು ಮಂದಿಯ ರಕ್ತದಲ್ಲಿ ತೊಂಬತ್ತೈದಕ್ಕೆ ಬರೆಯಬೇಕಾದದ್ದು 'ಇಲ್ಲ' ಎಂದೇ. ಗಾಜಿನ ತುಂಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಡದೆ ಒಂದು 'ಇಲ್ಲ'ವನ್ನೂ ನಾನು ಬರೆಯಲಿಲ್ಲ. ಸಂಗಡದವರು ನನ್ನನ್ನು ನಿಧಾನದವಳು ಎನ್ನುತ್ತಿದ್ದರು.

ಅವ್ವೆಯ ಪರೀಕ್ಷೆ ಊಟಿಯಲ್ಲಿ. ಗಣಿತದ ದಿನ ಅವಳು ಸಂಜೆ ಬಸ್ಸಿಳಿದು ಬಂದಾಗ ಮಾಮಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಭಾಗಾಕಾರ ಇತ್ತಾ ಅತ್ತಿಗೆ?"

"ಇತ್ತು," ಎಂದಳು ಅವ್ವೆ. "ಎಪ್ಪತ್ತೆರಡರಿಂದ."

ಮಾಮಿ ನಗಲು ಶುರುಮಾಡಿದಳು. ಅವ್ವೆಯೂ ನಕ್ಕಳು. ಎರಡಂಕಿ ಎಂದು ಒಬ್ಬಳು, ಎರಡೇ ಅಂಕಿ ಎಂದು ಇನ್ನೊಬ್ಬಳು, ಇಬ್ಬರೂ ಹೊಸ್ತಿಲಲ್ಲಿ ಕೂತು ಕಣ್ಣೀರು ಬರುವ ತನಕ ನಕ್ಕರು. ಏನಾಯಿತು ಎಂದು ಹೆತ್ತೆ ಒಳಗಿನಿಂದ ಗದರಿದಳು. ಆ ವರ್ಷ ಅವ್ವೆ ಇಂಗ್ಲಿಷಿನಲ್ಲಿ ಫೇಲಾದಳು. ಮತ್ತೆ ಕಟ್ಟಿ ಪಾಸು ಮಾಡಿಕೊಂಡಳು. ಬಾಲವಾಡಿಯ ಕೆಲಸ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ಈಗಲೂ ಹಟ್ಟಿಯಲ್ಲಿ ಮೀಸೆ ಬಂದ ಗಂಡಸರು ಅವಳನ್ನು ಟೀಚರ್ ಎಂದೇ ನೆನೆಸುತ್ತಾರೆ. ಮಾಮಿ ನಮ್ಮ ಮನೆಯಲ್ಲೇ ಉಳಿದಳು. ದೃಷ್ಟಿ ಪೂರ್ತಿ ಹೋದ ಮೇಲೂ ಎಷ್ಟೋ ಮಕ್ಕಳಿಗೆ ಬಾಯಲ್ಲೇ ಗಣಿತ ಹೇಳಿದಳು.

ನನ್ನ ಎಂಬತ್ತನಾಲ್ಕನೆಯ ಭಾಗಾಕಾರ ಮುಗಿದದ್ದು ಅವ್ವೆಯ ಪರೀಕ್ಷೆಯಾದ ಮಾರನೆಯ ಭಾನುವಾರ. ಅಪ್ಪನೂ ಇದ್ದ. ನಾನು ಮೂರು ಸಂಖ್ಯೆಗಳನ್ನು ಓದಿದೆ. ಮಾಮಿ ತಾನು ಪರೀಕ್ಷೆ ಮಾಡದೆ ಅವ್ವೆಯ ಕಡೆಗೆ ಮುಖ ತಿರುಗಿಸಿದಳು.

"ಸರಿಯಾ ಅತ್ತಿಗೆ?"

ಅವ್ವೆ ಕಾಗದ ಎಳೆದುಕೊಂಡು ಅಂಕಿಗಳನ್ನು ಕೂಡಿ ಕಳೆದಳು. "ಸರಿ," ಎಂದಳು.

ಮಾಮಿ ನೋಟುಬುಕ್ಕಿನ ಮೊದಲ ಪುಟ ತೆಗೆಸಿ, ಸಂಖ್ಯೆಯನ್ನು ಬರೆದು ಅದರ ಕೆಳಗೆ ಭಾಗಿಸಿ ನೋಡಿದವರ ಹೆಸರು ಬರೆಯಲು ಹೇಳಿದಳು. ಅವ್ವೆ ಮಾಮಿಯ ಹೆಸರು ಬರೆದಳು, ಅಪ್ಪನದು ಬರೆದಳು. ತನ್ನ ಹೆಸರನ್ನು ಬಹಳ ನಿಧಾನವಾಗಿ, ಗುಂಡಗೆ ಬರೆದಳು. ಆಮೇಲೆ ತಡೆದಳು. ಅವಳು ನನ್ನ ಕಡೆ ನೋಡದೆ ನೋಟುಬುಕ್ಕನ್ನು ನನ್ನ ಮುಂದಕ್ಕೆ ಸರಿಸಿ, ಪೆನ್ಸಿಲನ್ನು ಅದರ ಮೇಲಿಟ್ಟಳು. ನಾನು ನನ್ನ ಹೆಸರು ಬರೆದೆ.

"ಎಷ್ಟು ಹೆಸರಾಯಿತು?" ಎಂದು ಮಾಮಿ ಕೇಳಿದಳು.

"ನಾಲ್ಕು," ಎಂದಳು ಅವ್ವೆ.